ಅಮೆರಿಕದ ಕಾಮಿಕ್ಸ್: ಬರೆದವರು ಯಾರು, ಕಾಣಿಸಿಕೊಂಡವರು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಸೂಪರ್‌ಹೀರೋ ಸಿನಿಮಾ ನೋಡಿ ಕಾಮಿಕ್ಸ್ ಕಡೆ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕಪ್ಪು ಜನ, ಹೆಣ್ಣುಮಕ್ಕಳು, ಏಷ್ಯಾ ಮೂಲದವರು ಇದರೊಳಗೆ ಯಾವಾಗ ಬಂದರು? ಯಾಕೆ ಅಷ್ಟು ತಡವಾಯಿತು? ಈಗ ಯಾಕೆ ಇಷ್ಟು ಗಲಾಟೆ? ಇದಕ್ಕೆಲ್ಲ ಉತ್ತರ ಹೇಳುವಾಗ ಪುಟದ ಮೇಲಿನ ಮುಖ ನೋಡಿದರೆ ಸಾಲದು. ಪೆನ್ಸಿಲ್ ಯಾರ ಕೈಯಲ್ಲಿತ್ತು, ಹಕ್ಕು ಯಾರ ಹೆಸರಲ್ಲಿತ್ತು, ಪುಸ್ತಕ ಯಾವ ಅಂಗಡಿಗೆ ಹೋಯಿತು ಅನ್ನೋದನ್ನೂ ನೋಡಬೇಕು.

ಶುರುವಿನಿಂದಲೂ ಇದು ಬಿಳಿ ಗಂಡಸರ ಉದ್ಯಮವೇ ಆಗಿತ್ತಾ?

ಮೇಲ್ನೋಟಕ್ಕೆ ಹಾಗೇ ಕಾಣುತ್ತದೆ. ಆದರೆ ಆ ಗಂಡಸರಲ್ಲಿ ತುಂಬಾ ಜನ ಯಹೂದಿ ವಲಸಿಗರ ಮಕ್ಕಳು. ದೊಡ್ಡ ಜಾಹೀರಾತು ಕಂಪನಿಗಳು, ಗೌರವದ ಪತ್ರಿಕೆಗಳು ಅವರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹತ್ತು ಸೆಂಟಿನ ಕಾಮಿಕ್ಸ್ ಅಗ್ಗದ ಕೆಲಸ, ಅಲ್ಲಿ ಯಾರು ಬಂದರೂ ನಡೆಯುತ್ತಿತ್ತು. ಸೂಪರ್‌ಮ್ಯಾನ್ ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಕ್ಲೀವ್‌ಲ್ಯಾಂಡ್‌ನ ಹುಡುಗರು. 1938ರಲ್ಲಿ ಆ ಪಾತ್ರದ ಹಕ್ಕನ್ನು 130 ಡಾಲರ್‌ಗೆ ಬರೆದುಕೊಟ್ಟರು. ಜಾಕ್ ಕಿರ್ಬಿಗೆ ತಂದೆತಾಯಿ ಇಟ್ಟ ಹೆಸರು ಜೇಕಬ್ ಕರ್ಟ್ಸ್‌ಬರ್ಗ್. ಸ್ಟ್ಯಾನ್ ಲೀ ಹುಟ್ಟುವಾಗ ಸ್ಟ್ಯಾನ್ಲಿ ಲೀಬರ್. 1941ರಲ್ಲಿ ಕಿರ್ಬಿ ಮತ್ತು ಜೋ ಸೈಮನ್ ಕ್ಯಾಪ್ಟನ್ ಅಮೆರಿಕನ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದಿಸಿದರು. ಆಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ.

ಅದೇ ಕಾಲದ ಕಾಮಿಕ್ಸ್‌ನಲ್ಲಿ ಕಪ್ಪು ಜನರನ್ನು ಹೇಗೆ ಬರೆದಿದ್ದಾರೆ ನೋಡಿ. ದಪ್ಪ ತುಟಿ, ಹೊರಗೆ ಬಂದ ಕಣ್ಣು, ಒಡಕು ಇಂಗ್ಲಿಷ್. ವಿಲ್ ಐಸ್ನರ್ ಅಂಥ ದೊಡ್ಡ ಕಲಾವಿದರ 'ದಿ ಸ್ಪಿರಿಟ್'ನಲ್ಲೂ ಎಬನಿ ವೈಟ್ ಅನ್ನೋ ಹುಡುಗನ ರೂಪ ಇದೇ. 'ಬ್ಲ್ಯಾಕ್‌ಹಾಕ್' ಸರಣಿಯ ಚೀನೀ ಪಾತ್ರಕ್ಕೆ ಉಬ್ಬು ಹಲ್ಲು, ಜಡೆ, ಕೈಯಲ್ಲಿ ಮಾಂಸ ಕಡಿಯುವ ಕತ್ತಿ. "ಆ ಕಾಲವೇ ಹಾಗಿತ್ತು" ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪಲ್ಲ. ಆ ಕಾಲದಲ್ಲೇ ಬೇರೆ ಥರ ಬರೆದವರೂ ಇದ್ದರು.

ಆಗ ಹೆಂಗಸರು ಕಾಮಿಕ್ಸ್ ಮಾಡುತ್ತಿರಲಿಲ್ವಾ?

ಮಾಡುತ್ತಿದ್ದರು. ಎಷ್ಟೋ ಸಲ ಅವರ ಹೆಸರು ಹೊರಗೆ ಬರುತ್ತಿರಲಿಲ್ಲ.

'ಮಿಸ್ ಫ್ಯೂರಿ' ಅನ್ನೋ ವೇಷಧಾರಿ ನಾಯಕಿ ವೃತ್ತಪತ್ರಿಕೆಯಲ್ಲಿ ಶುರುವಾಗಿದ್ದು 1941ರಲ್ಲಿ. ಬರೆದು, ಚಿತ್ರಿಸಿದವರು ಜೂನ್ ಟಾರ್ಪೆ ಮಿಲ್ಸ್. ಹೆಣ್ಣು ಅಂತ ಗೊತ್ತಾಗದಿರಲಿ ಎಂದು 'ಜೂನ್' ಬಿಟ್ಟು ಸಹಿ ಹಾಕುತ್ತಿದ್ದರು. ಯುದ್ಧಕ್ಕೆ ಗಂಡಸರು ಹೊರಟ ಮೇಲೆ ಫಿಕ್ಷನ್ ಹೌಸ್ ಅನ್ನೋ ಪ್ರಕಾಶನ ಸಂಸ್ಥೆ ತುಂಬಾ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡಿತು. ಅವರಲ್ಲಿ ಒಬ್ಬರು ಲಿಲಿ ರೆನೆ. ವಿಯೆನ್ನಾದ ಯಹೂದಿ ಹುಡುಗಿ. ನಾಜಿಗಳಿಂದ ತಪ್ಪಿಸಿಕೊಂಡು ಮೊದಲು ಇಂಗ್ಲೆಂಡಿಗೆ, ಆಮೇಲೆ ಅಮೆರಿಕಕ್ಕೆ ಬಂದವರು. ಅವರು ಚಿತ್ರಿಸಿದ ಸೆನೊರಿಟಾ ರಿಯೊ ಒಬ್ಬ ಗೂಢಚಾರಿಣಿ, ಅವಳ ವೈರಿಗಳು ನಾಜಿಗಳು. ಊರು ಬಿಟ್ಟು ಓಡಿ ಬಂದ ಹುಡುಗಿಗೆ ಆ ಕಥೆ ಬರೀ ಹೊಟ್ಟೆಪಾಡಿನ ಕೆಲಸ ಆಗಿರಲಿಲ್ಲ ಅನ್ನೋದು ಗೆರೆಗಳಲ್ಲೇ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಬೇಜಾರಾಗುವುದು ಜಾಯ್ ಹಮ್ಮೆಲ್ ವಿಷಯದಲ್ಲಿ. ವಂಡರ್ ವುಮನ್ ಸೃಷ್ಟಿಸಿದವರು ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಸ್ಟನ್. ಜಾಯ್, ಮಾರ್ಸ್ಟನ್‌ರ ತರಗತಿಯಲ್ಲಿ ಓದುತ್ತಿದ್ದರು. 1944ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿ, ಅವರಿಗೆ ಸಹಾಯಕಿಯಾಗಿ ಸೇರಿಕೊಂಡರು. ಮಾರ್ಸ್ಟನ್ ಕಾಯಿಲೆ ಬಿದ್ದ ಮೇಲೆ ಒಂದಾದ ಮೇಲೊಂದು ಕಥೆ ಬರೆದರು, ಒಟ್ಟು 70ಕ್ಕೂ ಜಾಸ್ತಿ. ಪುಟದ ಮೇಲೆ ಅಚ್ಚಾಗುತ್ತಿದ್ದ ಹೆಸರು ಮಾತ್ರ ಚಾರ್ಲ್ಸ್ ಮೌಲ್ಟನ್, ಅಂದರೆ ಮಾರ್ಸ್ಟನ್‌ರ ಕಾವ್ಯನಾಮ. ಉದ್ಯಮ ಅವರನ್ನು ಕರೆದು ಸನ್ಮಾನಿಸಿದ್ದು 2018ರಲ್ಲಿ, ಅವರಿಗೆ 94 ವರ್ಷವಾದಾಗ. ಹೆಣ್ಣಿನ ಶಕ್ತಿಯ ಗುರುತು ಎಂದು ಜಗತ್ತು ಕೊಂಡಾಡಿದ ಪಾತ್ರಕ್ಕೆ ಕಥೆ ಬರೆದ ಹೆಣ್ಣಿನ ಹೆಸರು ಎಪ್ಪತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ.

ಕಪ್ಪು ಜನ ತಮ್ಮದೇ ಕಾಮಿಕ್ಸ್ ಮಾಡಿದ್ದು ಯಾವಾಗ?

1947ರಲ್ಲಿ, ಫಿಲಡೆಲ್ಫಿಯಾದಲ್ಲಿ. ಓರಿನ್ ಇವಾನ್ಸ್ ಅನ್ನೋ ಕಪ್ಪು ಪತ್ರಕರ್ತ ಕೆಲಸ ಮಾಡುತ್ತಿದ್ದ ಪತ್ರಿಕೆ ಮುಚ್ಚಿಹೋಯಿತು. ಅವರು ಜೊತೆಗಾರರನ್ನು ಸೇರಿಸಿಕೊಂಡು 'ಆಲ್-ನೀಗ್ರೋ ಕಾಮಿಕ್ಸ್' ತಂದರು. ಬರೆದವರು, ಚಿತ್ರಿಸಿದವರು, ಪಾತ್ರಗಳು, ಎಲ್ಲರೂ ಕಪ್ಪು ಜನ. ಏಸ್ ಹಾರ್ಲೆಮ್ ಅನ್ನೋ ಪತ್ತೇದಾರ ಇದ್ದ. ಲಯನ್ ಮ್ಯಾನ್ ಅನ್ನೋ ವಿಜ್ಞಾನಿ ಇದ್ದ, ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲಿ ಯುರೇನಿಯಂ ನಿಕ್ಷೇಪ ಕಾಯುವುದು ಅವನ ಕೆಲಸ. ಬೆಲೆ 15 ಸೆಂಟ್, ಉಳಿದವಕ್ಕಿಂತ ಐದು ಸೆಂಟ್ ಜಾಸ್ತಿ.

ಎರಡನೇ ಸಂಚಿಕೆ ಬರಲೇ ಇಲ್ಲ. ತಯಾರಿ ನಡೆದಿತ್ತು, ಆದರೆ ಕಾಗದದ ವ್ಯಾಪಾರಿಗಳು ಇವಾನ್ಸ್‌ಗೆ ಕಾಗದ ಮಾರಲು ಒಪ್ಪಲಿಲ್ಲ ಎಂದು ಈ ಇತಿಹಾಸ ಕೆದಕಿದವರು ಬರೆದಿದ್ದಾರೆ. ಒಳ್ಳೆಯ ಕಥೆ ಇದ್ದು, ಕೈಯಲ್ಲಿ ಕಸುಬಿದ್ದು, ಅಚ್ಚು ಹಾಕಲು ಕಾಗದವೇ ಸಿಗದಿದ್ದರೆ ಏನು ಮಾಡೋದು?

ಕಪ್ಪು ಜನರ ಪತ್ರಿಕೆಗಳಲ್ಲಿ ಇದಕ್ಕಿಂತ ಮೊದಲೇ ಜಾಕಿ ಓರ್ಮ್ಸ್ ಇದ್ದರು. 1937ರಿಂದ 'ಪಿಟ್ಸ್‌ಬರ್ಗ್ ಕೊರಿಯರ್'ನಲ್ಲಿ ಟಾರ್ಚಿ ಬ್ರೌನ್ ಎಂಬ ಹುಡುಗಿಯ ಚಿತ್ರಕಥೆ ಬರೆದರು. ಆಮೇಲೆ ಬಂದ 'ಪ್ಯಾಟಿ-ಜೋ ಅಂಡ್ ಜಿಂಜರ್' ಒಂದೇ ಚೌಕದ ಕಾರ್ಟೂನ್. ಚೂಟಿ ತಂಗಿ ಮಾತಾಡುತ್ತಾಳೆ, ಚೆಂದವಾಗಿ ಬಟ್ಟೆ ಹಾಕಿಕೊಂಡ ಅಕ್ಕ ಕೇಳಿಸಿಕೊಳ್ಳುತ್ತಾಳೆ. 1955ರಲ್ಲಿ ಎಮ್ಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು, ಬಿಳಿ ಹೆಂಗಸಿಗೆ ಸಿಳ್ಳೆ ಹೊಡೆದ ಎಂಬ ಆರೋಪ ಹೊರಿಸಿ ಕೊಂದರು. ಕೆಲವೇ ವಾರಗಳಲ್ಲಿ ಓರ್ಮ್ಸ್ ಒಂದು ಕಾರ್ಟೂನ್ ಬರೆದರು. ತಂಗಿ ಅಡುಗೆಮನೆಯಿಂದ ಬಂದು ಅಕ್ಕನಿಗೆ ಹೇಳುತ್ತಾಳೆ: ಆ ಹೊಸ ಬಿಳಿ ಟೀ ಕೆಟಲ್ ಈಗಷ್ಟೇ ನನ್ನ ಕಡೆ ಸಿಳ್ಳೆ ಹೊಡೆಯಿತು. ಅಷ್ಟೇ. ಒಂದು ವಾಕ್ಯದಲ್ಲಿ ಆ ಕೊಲೆಯ ಪೂರ್ತಿ ಅನ್ಯಾಯ ಇದೆ. ಎಫ್‌ಬಿಐ ಓರ್ಮ್ಸ್ ಮೇಲೆ ಕಡತ ಇಟ್ಟಿತ್ತು.

ದೊಡ್ಡ ಪ್ರಕಾಶಕರ ಹತ್ತಿರ ಕೆಲಸ ಮಾಡಿದ ಕಪ್ಪು ಕಲಾವಿದರಲ್ಲಿ ಮ್ಯಾಟ್ ಬೇಕರ್ ಹೆಸರು ಮೊದಲು ಬರುತ್ತದೆ. 'ಫ್ಯಾಂಟಮ್ ಲೇಡಿ' ಅವರದೇ ಗೆರೆ. ತುಂಬಾ ನಯವಾದ ಕೈ. ಸುಂದರ ಬಿಳಿ ಹೆಣ್ಣುಗಳನ್ನು ಬರೆದೇ ಹೊಟ್ಟೆ ಹೊರೆದುಕೊಂಡರು, ಯಾಕೆಂದರೆ ಕೊಡುತ್ತಿದ್ದ ಕೆಲಸ ಅದು. 1959ರಲ್ಲಿ, 37ನೇ ವಯಸ್ಸಿಗೆ ತೀರಿಕೊಂಡರು.

ಕಾಮಿಕ್ಸ್ ಕೋಡ್ ಇದಕ್ಕೆಲ್ಲ ಅಡ್ಡಿಯಾಯಿತಾ?

ಆಯಿತು, ಮತ್ತು ಅದನ್ನು ಒಂದೇ ಒಂದು ಚೌಕದಲ್ಲಿ ತೋರಿಸಬಹುದು.

1954ರಲ್ಲಿ, ಕಾಮಿಕ್ಸ್ ಮಕ್ಕಳನ್ನು ಹಾಳು ಮಾಡುತ್ತಿದೆ ಅನ್ನೋ ಕೂಗಿಗೆ ಹೆದರಿ, ಪ್ರಕಾಶಕರೇ ಸೇರಿ ಏನು ಹಾಕಬಹುದು, ಏನು ಹಾಕಬಾರದು ಅನ್ನೋ ನಿಯಮಗಳ ಕೋಡ್ ಮಾಡಿಕೊಂಡರು. ಅದರ ಮುದ್ರೆ ಇಲ್ಲದ ಸಂಚಿಕೆಯನ್ನು ಮಾರಲು ಅಂಗಡಿಯವರು ಹಿಂದೆಮುಂದೆ ನೋಡುತ್ತಿದ್ದರು. ಇಸಿ ಕಾಮಿಕ್ಸ್‌ನವರು 1953ರಲ್ಲಿ 'ಜಡ್ಜ್‌ಮೆಂಟ್ ಡೇ' ಎಂಬ ಕಥೆ ಹಾಕಿದ್ದರು. ಬರೆದವರು ಆಲ್ ಫೆಲ್ಡ್‌ಸ್ಟೈನ್, ಚಿತ್ರ ಜೋ ಒರ್ಲಾಂಡೊ. ಭೂಮಿಯಿಂದ ಒಬ್ಬ ಗಗನಯಾತ್ರಿ ರೋಬಾಟ್‌ಗಳ ಗ್ರಹಕ್ಕೆ ಹೋಗುತ್ತಾನೆ. ಅಲ್ಲಿ ಕಿತ್ತಳೆ ಬಣ್ಣದ ರೋಬಾಟ್‌ಗಳು ಮೇಲು, ನೀಲಿಯವು ಕೀಳು. ಒಳಗಿನ ಯಂತ್ರ ಎರಡಕ್ಕೂ ಒಂದೇ, ಹೊರಗಿನ ಕವಚ ಮಾತ್ರ ಬೇರೆ. ನೀಲಿಯವು ಬಸ್ಸಿನಲ್ಲಿ ಹಿಂದೆ ಕೂರಬೇಕು. ಭೂಮಿಯವರ ಗಣರಾಜ್ಯಕ್ಕೆ ಸೇರಲು ನೀವಿನ್ನೂ ಸಿದ್ಧವಾಗಿಲ್ಲ ಎಂದು ಹೇಳಿ ಆತ ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಮೊದಲ ಬಾರಿಗೆ ಹೆಲ್ಮೆಟ್ ತೆಗೆಯುತ್ತಾನೆ. ಅವನೊಬ್ಬ ಕಪ್ಪು ಮನುಷ್ಯ. ಹಣೆಯ ಬೆವರಹನಿಗಳು ದೂರದ ನಕ್ಷತ್ರಗಳ ಹಾಗೆ ಹೊಳೆಯುತ್ತಿವೆ.

ಇದನ್ನು 1956ರಲ್ಲಿ ಮತ್ತೆ ಅಚ್ಚು ಹಾಕಲು ಹೋದಾಗ ಕೋಡ್‌ನ ಮುಖ್ಯಸ್ಥ ನ್ಯಾಯಾಧೀಶ ಚಾರ್ಲ್ಸ್ ಮರ್ಫಿ ಕೊನೆಯ ಚೌಕದ ಮನುಷ್ಯ ಕಪ್ಪಾಗಿರಬಾರದು ಎಂದರು. ಇಡೀ ಕಥೆ ಇರುವುದೇ ಆ ಒಂದು ಚೌಕಕ್ಕಾಗಿ! ಆಮೇಲೆ ಬೆವರಹನಿಯನ್ನಾದರೂ ತೆಗೆಯಿರಿ ಅನ್ನೋ ಮಾತು ಬಂತು. ಪ್ರಕಾಶಕ ಬಿಲ್ ಗೇನ್ಸ್ ಬಗ್ಗಲಿಲ್ಲ, ಇದ್ದ ಹಾಗೇ ಅಚ್ಚು ಹಾಕಿದರು. ಆ ಸಂಚಿಕೆ ಆದ ಮೇಲೆ ಇಸಿ ಕಾಮಿಕ್ಸ್ ನಿಲ್ಲಿಸಿ, 'ಮ್ಯಾಡ್' ಪತ್ರಿಕೆಯ ಕಡೆ ತಿರುಗಿತು.

ಬ್ಲ್ಯಾಕ್ ಪ್ಯಾಂಥರ್ ಮೊದಲ ಕಪ್ಪು ಸೂಪರ್‌ಹೀರೋ ಅಲ್ವಾ?

ದೊಡ್ಡ ಪ್ರಕಾಶಕರ ಸೂಪರ್‌ಹೀರೋಗಳಲ್ಲಿ ಹೌದು. 1966ರ ಜುಲೈ ಸಂಚಿಕೆಯಲ್ಲಿ ಬಂದ, ಅದೇ ಹೆಸರಿನ ರಾಜಕೀಯ ಪಕ್ಷ ಹುಟ್ಟುವುದಕ್ಕೂ ಕೆಲವು ತಿಂಗಳು ಮೊದಲು. ಆದರೆ ಅವನು ಆಫ್ರಿಕಾದ ರಾಜ. ಅಮೆರಿಕದ ಕಪ್ಪು ಸೂಪರ್‌ಹೀರೋ ಅಂದರೆ 1969ರ ಫಾಲ್ಕನ್. ತನ್ನದೇ ಹೆಸರಿನ ಸ್ವಂತ ಕಾಮಿಕ್ಸ್ ಪತ್ರಿಕೆ ಸಿಕ್ಕಿದ್ದು 1972ರಲ್ಲಿ, ಲ್ಯೂಕ್ ಕೇಜ್‌ಗೆ. ಸೂಪರ್‌ಹೀರೋ ಅಲ್ಲದಿದ್ದರೂ ಸ್ವಂತ ಪತ್ರಿಕೆ ಇದ್ದ ಕಪ್ಪು ನಾಯಕ ಅಂತ ನೋಡಿದರೆ 1965ರಲ್ಲೇ ಡೆಲ್ ಪ್ರಕಾಶನದ ಲೋಬೊ ಎಂಬ ಕೌಬಾಯ್ ಇದ್ದ. ಎರಡೇ ಸಂಚಿಕೆಗೆ ನಿಂತುಹೋಯಿತು. 1975ರಲ್ಲಿ ಎಕ್ಸ್-ಮೆನ್ ಗುಂಪಿಗೆ ಸ್ಟಾರ್ಮ್ ಬಂದಳು.

'ಮೊದಲು' ಯಾರು ಅನ್ನೋ ಚರ್ಚೆಯಲ್ಲಿ ಒಂದು ವಿಷಯ ಮರೆತುಹೋಗುತ್ತದೆ. ಇವರಲ್ಲಿ ಹೆಚ್ಚಿನವರನ್ನು ಸೃಷ್ಟಿಸಿದವರು ಬಿಳಿಯರು. ಅವರಲ್ಲಿ ಒಳ್ಳೆಯ ಮನಸ್ಸಿನವರು ತುಂಬಾ ಜನ ಇದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಬ್ಲ್ಯಾಕ್ ಪ್ಯಾಂಥರ್‌ನ ಸ್ವಂತ ಪತ್ರಿಕೆ ಕಪ್ಪು ಲೇಖಕರ ಕೈಗೆ ಬಂದಿದ್ದು 1998ರಲ್ಲಿ, ಕ್ರಿಸ್ಟೊಫರ್ ಪ್ರೀಸ್ಟ್ ಅವರಿಗೆ ಸಿಕ್ಕಾಗ. ಪಾತ್ರ ಹುಟ್ಟಿ 32 ವರ್ಷ ಆಗಿತ್ತು.

ಹಳೆಯ ಸಂಚಿಕೆಗಳಲ್ಲಿ ಕಪ್ಪು ಜನರ ಮೈಬಣ್ಣ ಯಾಕೆ ಬೂದು ಬೂದಾಗಿ ಕಾಣುತ್ತದೆ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ, ಯಾಕೆಂದರೆ ಉತ್ತರ ಅಚ್ಚುಕೂಟದಲ್ಲಿದೆ.

ಆಗ ಕಾಮಿಕ್ಸ್ ಅಚ್ಚಾಗುತ್ತಿದ್ದುದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಹಳದಿ, ಕೆಂಪು, ನೀಲಿ ಚುಕ್ಕಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಸಿ ಕೆಲವೇ ಹತ್ತಾರು ಬಣ್ಣ ತೆಗೆಯುತ್ತಿದ್ದರು. ಬಿಳಿಯರ ಮೈಬಣ್ಣಕ್ಕೆ ಒಂದು ನಸುಗುಲಾಬಿ ಖಾಯಂ ಇತ್ತು. ಕಂದು ಬಣ್ಣಕ್ಕೆ ಮೂರೂ ಶಾಯಿ ಬೇಕು. ಕಾಗದ ಹೀರಿಕೊಂಡು ಅದು ಮಂಕಾಗುತ್ತಿತ್ತು, ಕೆಸರಾಗುತ್ತಿತ್ತು. ಎಲ್ಲ ಕಪ್ಪು ಪಾತ್ರಗಳಿಗೂ ಅದೇ ಒಂದು ಛಾಯೆ.

ಯಂತ್ರದ್ದೇ ತಪ್ಪು ಎಂದುಕೊಳ್ಳಬೇಡಿ, ಅಭ್ಯಾಸದ ಪಾಲೂ ಇತ್ತು. 1963ರಲ್ಲಿ 'ಸಾರ್ಜೆಂಟ್ ಫ್ಯೂರಿ'ಯ ಮೊದಲ ಸಂಚಿಕೆ ಬಂತು. ಅದರಲ್ಲಿ ಗೇಬ್ ಜೋನ್ಸ್ ಒಬ್ಬ ಕಪ್ಪು ಸೈನಿಕ. ಅಚ್ಚು ತಯಾರಿಸುವ ಕಡೆ ಅವನಿಗೆ ಬಿಳಿಯರ ಬಣ್ಣವನ್ನೇ ಹಾಕಿಬಿಟ್ಟರು. ಬಿಳಿ ಸೈನಿಕರ ಪಕ್ಕದಲ್ಲಿ ಸಮಾನನಾಗಿ ಒಬ್ಬ ಕಪ್ಪು ಸೈನಿಕ ನಿಂತಿರಬಹುದು ಅನ್ನೋದೇ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮುಂದಿನ ಸಂಚಿಕೆಗಳಿಗೆ ಬಿಡಿಸಿ ಹೇಳಬೇಕಾಯಿತು.

ಇದನ್ನು ಗಂಭೀರವಾಗಿ ಸರಿಪಡಿಸಿದ್ದು 1993ರಲ್ಲಿ ಶುರುವಾದ ಮೈಲ್‌ಸ್ಟೋನ್ ಅನ್ನೋ ಕಾಮಿಕ್ಸ್ ಕಂಪನಿ. ಅಲ್ಲಿ ಬಣ್ಣದ ವಿಭಾಗ ನೋಡಿಕೊಂಡವರು ನೋಯೆಲ್ ಗಿಡ್ಡಿಂಗ್ಸ್. ಕಪ್ಪು ಜನರಲ್ಲೇ ಎಷ್ಟು ಥರದ ಮೈಬಣ್ಣ ಇದೆ ಅನ್ನೋದು ಓದುಗರ ಕಣ್ಣಿಗೆ ಕಾಣಬೇಕು ಎಂದು ಕೈಯಿಂದ ಹಚ್ಚಿದ ಬಣ್ಣಗಳನ್ನು ಅಚ್ಚಿಗೆ ಇಳಿಸುವ ದಾರಿ ಮಾಡಿಕೊಂಡರು. ಆ ಪುಟಗಳಲ್ಲಿ ಒಂದೇ ಮನೆಯವರಿಗೂ ಬೇರೆ ಬೇರೆ ಕಂದು ಬಣ್ಣ ಇರುತ್ತದೆ.

ಮೈಲ್‌ಸ್ಟೋನ್ ಬಗ್ಗೆ ಎಲ್ಲರೂ ಯಾಕೆ ಅಷ್ಟು ಮಾತಾಡುತ್ತಾರೆ?

ಹಕ್ಕನ್ನು ಕೈಬಿಡಲಿಲ್ಲ, ಅದಕ್ಕೆ.

ಡ್ವೇನ್ ಮೆಕ್‌ಡಫಿ, ಡೆನಿಸ್ ಕೋವನ್, ಮೈಕೆಲ್ ಡೇವಿಸ್, ಡೆರೆಕ್ ಡಿಂಗಲ್. ಈ ನಾಲ್ಕು ಜನ ಕಪ್ಪು ಸ್ನೇಹಿತರು ಕಂಪನಿ ಕಟ್ಟಿದರು. ಅಚ್ಚು ಹಾಕಿ ಅಂಗಡಿಗೆ ತಲುಪಿಸುವ ಕೆಲಸ ಸೂಪರ್‌ಮ್ಯಾನ್ ಪ್ರಕಟಿಸುವ ಡಿಸಿ ಕಂಪನಿಯದು. ಕಥೆ, ಪಾತ್ರ, ಹಕ್ಕು ಇವರದು. 1993ರ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ.

ಮೆಕ್‌ಡಫಿ ಮೊದಲು ಮಾರ್ವೆಲ್‌ನಲ್ಲಿ ಸಂಪಾದಕರಾಗಿದ್ದರು. ಅಲ್ಲಿ ಕಪ್ಪು ಹುಡುಗನ ಪಾತ್ರ ಬೇಕೆಂದರೆ ಸ್ಕೇಟ್‌ಬೋರ್ಡ್ ಕೊಟ್ಟು ಬಿಡುವ ಚಾಳಿ ಕಂಡು ರೋಸಿಹೋಗಿ, ಬರೀ ಅಂಥವರೇ ತುಂಬಿರುವ ಒಂದು ಅಣಕು ಪ್ರಸ್ತಾಪ ಬರೆದು ಕಚೇರಿಯಲ್ಲಿ ಹಂಚಿದ್ದರು. ಇಡೀ ಪುಸ್ತಕದಲ್ಲಿ ಒಬ್ಬನೇ ಕಪ್ಪು ಮನುಷ್ಯನಿದ್ದರೆ ಅವನು ಇಡೀ ಜನಾಂಗದ ಪರವಾಗಿ ನಿಲ್ಲಬೇಕಾಗುತ್ತದೆ. ಅವನು ತಪ್ಪು ಮಾಡುವ ಹಾಗಿಲ್ಲ, ಹೇಡಿಯಾಗುವ ಹಾಗಿಲ್ಲ. ಮೈಲ್‌ಸ್ಟೋನ್ ಪಾತ್ರಗಳು ಒಬ್ಬರಿಗೊಬ್ಬರು ಜಗಳ ಆಡುತ್ತಾರೆ. ಐಕಾನ್ ಶ್ರೀಮಂತ ವಕೀಲ, ರಾಜಕೀಯದಲ್ಲಿ ಸಂಪ್ರದಾಯವಾದಿ. ಅವನ ಜೊತೆಗಾರ್ತಿ ರಾಕೆಟ್ ಬಡ ಕುಟುಂಬದ ಹದಿಹರೆಯದ ಹುಡುಗಿ, ಬಸುರಿ. ಇಬ್ಬರೂ ಕಪ್ಪು. ಇಬ್ಬರಿಗೂ ಒಂದು ವಿಷಯದಲ್ಲೂ ಒಮ್ಮತ ಇಲ್ಲ. ಈ ಸ್ವಾತಂತ್ರ್ಯ ಬರುವುದು ಪುಟದಲ್ಲಿ ನಾಲ್ಕಾರು ಜನ ಇದ್ದಾಗ ಮಾತ್ರ.

ಕಪ್ಪು ಜನರ ಪುಸ್ತಕ ಕಪ್ಪು ಜನರೇ ಕೊಳ್ಳಬೇಕು ಎಂದುಕೊಂಡ ಅಂಗಡಿಗಳು ಕಮ್ಮಿ ತರಿಸಿದವು. ಅದೇ ಹೊತ್ತಿಗೆ ಇಡೀ ಕಾಮಿಕ್ಸ್ ಮಾರುಕಟ್ಟೆ ಕುಸಿಯಿತು. 1997ಕ್ಕೆ ಪತ್ರಿಕೆಗಳು ನಿಂತವು. ಆದರೆ ಮೈಲ್‌ಸ್ಟೋನ್‌ನ ನಾಯಕ 'ಸ್ಟ್ಯಾಟಿಕ್' 2000ದಿಂದ 2004ರವರೆಗೆ ಟಿವಿ ಕಾರ್ಟೂನ್ ಆಗಿ ಬಂದು ಒಂದು ತಲೆಮಾರಿನ ಮಕ್ಕಳಿಗೆ ಬಾಯಿಪಾಠ ಆಯಿತು. ಮೆಕ್‌ಡಫಿ 2011ರಲ್ಲಿ ತೀರಿಕೊಂಡರು.

'ಫ್ರಿಜ್‌ನಲ್ಲಿ ಹೆಂಗಸರು' ಅಂತಾರಲ್ಲ, ಏನದು?

1994ರ 'ಗ್ರೀನ್ ಲ್ಯಾಂಟರ್ನ್' ಸಂಚಿಕೆಯಲ್ಲಿ ನಾಯಕ ಮನೆಗೆ ಬಂದಾಗ ಅವನ ಗೆಳತಿಯ ಹೆಣ ಫ್ರಿಜ್‌ನಲ್ಲಿ ಸಿಗುತ್ತದೆ. ಖಳನಾಯಕ ಕೊಂದು ತುರುಕಿರುತ್ತಾನೆ. ಅವಳು ಸತ್ತಿದ್ದು ನಾಯಕನಿಗೆ ಸಿಟ್ಟು ಬರಲಿ ಎಂದಷ್ಟೇ. 1999ರಲ್ಲಿ ಗೇಲ್ ಸಿಮೋನ್ ಎಂಬ ಓದುಗರು ಹೀಗೆ ಕೊಲೆಯಾದ, ಅತ್ಯಾಚಾರಕ್ಕೆ ಒಳಗಾದ, ಶಕ್ತಿ ಕಳೆದುಕೊಂಡ ಹೆಣ್ಣು ಪಾತ್ರಗಳ ಪಟ್ಟಿ ಮಾಡಿದರು. ಪಟ್ಟಿ ಉದ್ದ ಬೆಳೆಯಿತು. ಆಗ ಅವರು ಹೇರ್‌ಡ್ರೆಸರ್ ಆಗಿದ್ದರು. ಮುಂದೆ ತಾವೇ ಲೇಖಕಿಯಾಗಿ ವಂಡರ್ ವುಮನ್ ಬರೆದರು.

ಗಂಡು ಪಾತ್ರಗಳೂ ಸಾಯುತ್ತವಲ್ಲ ಎಂದು ಕೇಳುವವರಿದ್ದಾರೆ. ಸಾಯುತ್ತವೆ. ಅವರ ಸಾವು ಅವರದೇ ಕಥೆಯ ಭಾಗ, ಮತ್ತೆ ಬದುಕಿಯೂ ಬರುತ್ತಾರೆ.

ಹೆಣ್ಣುಮಕ್ಕಳೇ ಸೇರಿ ಕಾಮಿಕ್ಸ್ ತಂದದ್ದುಂಟಾ?

1970ರಲ್ಲಿ, ಟ್ರೀನಾ ರಾಬಿನ್ಸ್ ಮತ್ತು ಗೆಳತಿಯರು. ಪೂರ್ತಿ ಹೆಂಗಸರೇ ಮಾಡಿದ ಮೊದಲ ಕಾಮಿಕ್ಸ್ ಪುಸ್ತಕ 'ಇಟ್ ಏಂಟ್ ಮಿ, ಬೇಬ್'. ದೊಡ್ಡ ಪ್ರಕಾಶಕರ ಹೊರಗೆ ನಡೆಯುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊದ 'ಅಂಡರ್‌ಗ್ರೌಂಡ್' ಕಾಮಿಕ್ಸ್ ವಲಯ ತನ್ನನ್ನು ಕ್ರಾಂತಿಕಾರಿ ಎಂದುಕೊಂಡಿತ್ತು, ಆದರೆ ಅಲ್ಲಿಯ ಗಂಡಸರ ಸಂಕಲನಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇರಲಿಲ್ಲ. 1972ರಲ್ಲಿ ಶುರುವಾದ 'ವಿಮೆನ್ಸ್ ಕಾಮಿಕ್ಸ್' ಇಪ್ಪತ್ತು ವರ್ಷ ನಡೆಯಿತು. ರಾಬಿನ್ಸ್ ಆಮೇಲೆ ಇತಿಹಾಸಕಾರ್ತಿಯೂ ಆದರು. ಮೇಲೆ ಹೇಳಿದ ಲಿಲಿ ರೆನೆ, ಟಾರ್ಪೆ ಮಿಲ್ಸ್ ಅಂಥವರ ಹೆಸರು ಇವತ್ತು ನಮಗೆ ಗೊತ್ತಿರುವುದರಲ್ಲಿ ಅವರ ಪಾಲು ದೊಡ್ಡದು.

ದೊಡ್ಡ ಕಂಪನಿಗಳಲ್ಲೂ ಇದ್ದರು. 1976ರಲ್ಲಿ ಜೆನೆಟ್ ಕಾನ್ 28ನೇ ವಯಸ್ಸಿಗೆ ಡಿಸಿಯ ಪ್ರಕಾಶಕಿಯಾದರು. ಕರೆನ್ ಬರ್ಗರ್ 1993ರಲ್ಲಿ ಅದೇ ಡಿಸಿಯಲ್ಲಿ ವರ್ಟಿಗೊ ವಿಭಾಗ ಕಟ್ಟಿ ದೊಡ್ಡವರು ಓದುವ ಕಾಮಿಕ್ಸ್‌ಗೆ ದಾರಿ ಮಾಡಿದರು.

ಕಮಲಾ ಖಾನ್ ಯಾಕೆ ಅಷ್ಟು ಗೆದ್ದಳು?

2014ರ 'ಮಿಸ್ ಮಾರ್ವೆಲ್' ನ್ಯೂಜೆರ್ಸಿಯ ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿಯ ಕಥೆ. ಸಂಪಾದಕಿ ಸನಾ ಅಮಾನತ್ ಬೆಳೆದಿದ್ದು ನ್ಯೂಜೆರ್ಸಿಯಲ್ಲೇ. ತಮ್ಮ ಬಾಲ್ಯದ ಕಥೆಗಳನ್ನು ಕಚೇರಿಯಲ್ಲಿ ಹೇಳುತ್ತಿದ್ದಾಗ ಈ ಪಾತ್ರದ ಯೋಚನೆ ಬಂತು. ಬರೆದವರು ಜಿ. ವಿಲ್ಲೊ ವಿಲ್ಸನ್, ಇಸ್ಲಾಂಗೆ ಸೇರಿದ ಅಮೆರಿಕನ್ ಮಹಿಳೆ. ಚಿತ್ರ ಏಡ್ರಿಯನ್ ಅಲ್ಫೋನಾ.

ಕಮಲಾಗೆ ಮೊದಲು ಶಕ್ತಿ ಬಂದಾಗ ಅವಳು ಏನಾಗುತ್ತಾಳೆ ಗೊತ್ತಾ? ತಾನು ಆರಾಧಿಸುವ ಹಳೆಯ ಮಿಸ್ ಮಾರ್ವೆಲ್. ಎತ್ತರದ, ಹೊಂಬಣ್ಣದ ಕೂದಲಿನ ಬಿಳಿ ಹೆಣ್ಣು. ಆಸೆಪಟ್ಟಿದ್ದು ಅದೇ. ಆದರೆ ಕೂದಲು ಮುಖಕ್ಕೆ ಬೀಳುತ್ತದೆ, ಬೂಟು ಕಚ್ಚುತ್ತದೆ, ಬಟ್ಟೆ ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತದೆ. ಇನ್ನೊಬ್ಬಳಾಗಿ ಇರುವುದು ಸುಸ್ತಿನ ಕೆಲಸ ಅನ್ನೋದು ಅವಳಿಗೆ ಅರ್ಥವಾಗುತ್ತದೆ. ಆಮೇಲೆ ತನ್ನ ಬುರ್ಕಿನಿಯಿಂದ (ಮೈ ಮುಚ್ಚುವ ಈಜುಡುಗೆ) ವೇಷ ಮಾಡಿಕೊಂಡು ತನ್ನ ಮುಖದಲ್ಲೇ ಹೋರಾಡುತ್ತಾಳೆ. ಕಪ್ಪು, ಕಂದು ಮಕ್ಕಳು ಕನ್ನಡಿ ಮುಂದೆ ನಿಂತು ಯೋಚಿಸಿದ್ದೆಲ್ಲ ಆ ಹತ್ತು ಹದಿನೈದು ಪುಟಗಳಲ್ಲಿ ಇದೆ. ಭಾಷಣ ಇಲ್ಲ, ಊಟದ ಮೇಜಿನ ಮುಂದೆ ಅಪ್ಪ ಅಮ್ಮ ಬೈಯುವುದಿದೆ. ಮೊದಲ ಸಂಪುಟಕ್ಕೆ 2015ರಲ್ಲಿ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಸ್ಸುಗಳ ಮೇಲೆ ಯಾರೋ ಹಾಕಿಸಿದ ಮುಸ್ಲಿಂ ವಿರೋಧಿ ಜಾಹೀರಾತುಗಳ ಮೇಲೆ ಜನ ಕಮಲಾಳ ಚಿತ್ರ ಅಂಟಿಸಿದರು.

ಹಳೆಯ ಪಾತ್ರಗಳನ್ನೇ ಯಾಕೆ ಬದಲಾಯಿಸಬೇಕು? ಹೊಸದು ಮಾಡಬಹುದಲ್ಲ?

ನ್ಯಾಯವಾದ ಪ್ರಶ್ನೆ. ಉತ್ತರ ದುಡ್ಡಿನದು. ಮಾರ್ವೆಲ್, ಡಿಸಿಗೆ ಬರೆಯುವಾಗ ಸೃಷ್ಟಿಸಿದ ಪಾತ್ರ ಕಂಪನಿಯ ಸ್ವತ್ತು. ಸೀಗಲ್ ಮತ್ತು ಶುಸ್ಟರ್ ಕಾಲದಿಂದ ಇದು ಪೂರ್ತಿ ಬದಲಾಗಿಲ್ಲ. ಹಾಗಾಗಿ ಒಳ್ಳೆಯ ಹೊಸ ಯೋಚನೆ ಬಂದರೆ ಲೇಖಕರು ಅದನ್ನು ಹಕ್ಕು ತಮ್ಮಲ್ಲೇ ಉಳಿಯುವ ಪ್ರಕಾಶನಕ್ಕೆ ಇಟ್ಟುಕೊಳ್ಳುತ್ತಾರೆ. ಕಂಪನಿಗೂ, ಜನಕ್ಕೆ ಗೊತ್ತಿಲ್ಲದ ಹೆಸರಿ‌ಗಿಂತ ಗೊತ್ತಿರುವ ಹೆಸರು ಮಾರುವುದು ಸುಲಭ. ಕಪ್ಪು ಹುಡುಗ ಮೈಲ್ಸ್ ಮೊರಾಲಿಸ್ 2011ರಲ್ಲಿ ಹೊಸ ಸ್ಪೈಡರ್‌ಮ್ಯಾನ್ ಆಗಿ ಬಂದಾಗ ಸ್ಪೈಡರ್‌ಮ್ಯಾನ್ ಹೆಸರಿದ್ದುದರಿಂದಲೇ ವೃತ್ತಪತ್ರಿಕೆಗಳು ಬರೆದವು. ಆದರೆ ಅವನು ಉಳಿದಿದ್ದು ಅವನಿಗೂ ಅಪ್ಪ, ಅಮ್ಮ, ಬ್ರೂಕ್ಲಿನ್ ಶಾಲೆ, ತನ್ನದೇ ಭಯ ಇದ್ದುದರಿಂದ. ಕಥೆ ಇಲ್ಲದೆ ಬರೀ ವೇಷ ಬದಲಿಸಿದ ಪಾತ್ರಗಳು ಒಂದೆರಡು ವರ್ಷದಲ್ಲಿ ಮಾಯವಾಗಿವೆ. ಅದು ಆಗಬೇಕಾದದ್ದೇ.

ವೈವಿಧ್ಯ ತಂದರೆ ಮಾರಾಟ ಬೀಳುತ್ತದೆ ಅಂತಾರೆ, ನಿಜವಾ?

2017ರಲ್ಲಿ ಮಾರ್ವೆಲ್‌ನ ಮಾರಾಟ ವಿಭಾಗದ ಹಿರಿಯ ಅಧಿಕಾರಿಯೊಬ್ಬರು, ಜನಕ್ಕೆ ಇನ್ನು ವೈವಿಧ್ಯ ಬೇಡವಂತೆ, ಅಂಗಡಿಯವರು ಹಾಗೆ ಹೇಳುತ್ತಿದ್ದಾರೆ ಎಂದರು. ಆಮೇಲೆ ಸ್ಪಷ್ಟನೆ ಕೊಟ್ಟರು, ಆದರೆ ಮಾತು ಊರೆಲ್ಲ ಹರಡಿತ್ತು.

ಮಾರಾಟ ಅಂದರೆ ಯಾವ ಮಾರಾಟ ಅನ್ನೋದನ್ನು ಮೊದಲು ಕೇಳಬೇಕು. ಅಮೆರಿಕದಲ್ಲಿ ಮಾಸಿಕ ಕಾಮಿಕ್ಸ್ ಮಾರುವುದು ಅದಕ್ಕೇ ಇರುವ ಅಂಗಡಿಗಳು. ಸಾಮಾನ್ಯ ಪುಸ್ತಕದಂಗಡಿ ಮಾರದ ಪ್ರತಿಯನ್ನು ವಾಪಸ್ ಕಳಿಸಬಹುದು. ಕಾಮಿಕ್ಸ್ ಅಂಗಡಿಗೆ ಹೆಚ್ಚಾಗಿ ಆ ಅವಕಾಶ ಇಲ್ಲ. ಎರಡು ತಿಂಗಳು ಮೊದಲೇ ಆರ್ಡರ್ ಕೊಡಬೇಕು, ಉಳಿದರೆ ನಷ್ಟ ಅಂಗಡಿಯವರದ್ದೇ. ಹಾಗಾಗಿ ಅವರು ಖಾತ್ರಿ ಇರುವ ಹಳೆಯ ಗಿರಾಕಿಗೆ ಬೇಕಾದ್ದನ್ನೇ ತರಿಸುತ್ತಾರೆ. ಅಂಗಡಿಗೆ ಕಾಲೇ ಇಡದ ಹದಿನಾಲ್ಕು ವರ್ಷದ ಹುಡುಗಿಗೆ ಮುಂಗಡ ಆರ್ಡರ್ ಅಂದರೆ ಏನೆಂದೇ ಗೊತ್ತಿರಲ್ಲ. ಅವಳು ಆರು ತಿಂಗಳಾದ ಮೇಲೆ ಸಂಚಿಕೆಗಳನ್ನು ಒಟ್ಟು ಸೇರಿಸಿದ ಸಂಪುಟ ಕೊಳ್ಳುತ್ತಾಳೆ, ಇಲ್ಲ ಲೈಬ್ರರಿಯಿಂದ ತರುತ್ತಾಳೆ. ಅಷ್ಟು ಹೊತ್ತಿಗೆ ಪತ್ರಿಕೆ ನಿಂತಿರುತ್ತದೆ. ರೋಕ್ಸೇನ್ ಗೇ ಮತ್ತು ಯೋನಾ ಹಾರ್ವಿ 2016ರಲ್ಲಿ ಬ್ಲ್ಯಾಕ್ ಪ್ಯಾಂಥರ್‌ನ ನಾಡಿನ ಕಥೆ 'ವರ್ಲ್ಡ್ ಆಫ್ ವಕಾಂಡ' ಬರೆದರು. ಆರು ಸಂಚಿಕೆಗೆ ನಿಂತಿತು. 2018ರಲ್ಲಿ ಅದಕ್ಕೆ ಕಾಮಿಕ್ಸ್‌ನ ದೊಡ್ಡ ಪ್ರಶಸ್ತಿಯಾದ ಐಸ್ನರ್ ಬಂತು.

ಅದೇ 2016ರಲ್ಲಿ ಟಾ-ನೆಹಸಿ ಕೋಟ್ಸ್ ಬರೆದ 'ಬ್ಲ್ಯಾಕ್ ಪ್ಯಾಂಥರ್' ಮೊದಲ ಸಂಚಿಕೆ ಎರಡೂವರೆ ಲಕ್ಷಕ್ಕೂ ಜಾಸ್ತಿ ಪ್ರತಿ ಹೋಯಿತು. ಪುಸ್ತಕದಂಗಡಿ ಕಡೆ ನೋಡಿದರೆ ಚಿತ್ರ ಪೂರ್ತಿ ಬೇರೆ. ರೈನಾ ಟೆಲ್ಗೆಮಾಯರ್ ಹುಡುಗಿಯರ ಶಾಲೆ, ಹಲ್ಲು, ಹೊಟ್ಟೆನೋವಿನ ಕಥೆ ಬರೆಯುತ್ತಾರೆ. 2019ರಲ್ಲಿ ಅವರ 'ಗಟ್ಸ್' ಮೊದಲ ಮುದ್ರಣವೇ ಹತ್ತು ಲಕ್ಷ ಪ್ರತಿ. ಓದುವ ಹುಡುಗಿಯರು ಮೊದಲಿಂದಲೂ ಇದ್ದರು, ಅವರು ಬರುವ ಕಡೆ ಪುಸ್ತಕ ಇಟ್ಟವರು ಕಮ್ಮಿ.

ವಿರೋಧ ಎಷ್ಟರ ಮಟ್ಟಿಗೆ ಇದೆ?

ಕಥೆ ಹಿಡಿಸದಿದ್ದರೆ ಬೈಯುವುದು ಓದುಗರ ಹಕ್ಕು. ಆದರೆ 2017ರ ಹೊತ್ತಿಗೆ 'ಕಾಮಿಕ್ಸ್‌ಗೇಟ್' ಹೆಸರಿನ ಆನ್‌ಲೈನ್ ಅಭಿಯಾನದಲ್ಲಿ ನಡೆದಿದ್ದು ಅದಲ್ಲ. ಮಾರ್ವೆಲ್ ಕಚೇರಿಯ ಹೆಣ್ಣುಮಕ್ಕಳು ಒಟ್ಟಿಗೆ ಮಿಲ್ಕ್‌ಶೇಕ್ ಕುಡಿಯುವ ಫೋಟೋ ಹಾಕಿದ್ದಕ್ಕೇ ಹೊಲಸು ಬೈಗುಳ, ಕಿರುಕುಳ ಬಂದವು. ಈಗ ಇನ್ನೊಂದು ಕಡೆಯಿಂದ ಒತ್ತಡ ಇದೆ: ಶಾಲೆ, ಲೈಬ್ರರಿ. ಜೆರ್ರಿ ಕ್ರಾಫ್ಟ್ ಅವರ 'ನ್ಯೂ ಕಿಡ್' 2020ರಲ್ಲಿ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಪಡೆದ ಮೊದಲ ಗ್ರಾಫಿಕ್ ಕಾದಂಬರಿ. ಮರುವರ್ಷ ಟೆಕ್ಸಸ್‌ನ ಒಂದು ಶಾಲಾ ಜಿಲ್ಲೆ ಅದನ್ನು ಕಪಾಟಿನಿಂದ ತೆಗೆಯಿತು, ಪರಿಶೀಲಿಸಿ ವಾಪಸ್ ಇಟ್ಟಿತು. ಮಾಯಾ ಕೊಬಾಬೆ ಅವರ 'ಜೆಂಡರ್ ಕ್ವಿಯರ್' 2021ರಿಂದ 2023ರವರೆಗೆ ಸತತ ಮೂರು ವರ್ಷ ಅಮೆರಿಕದ ಲೈಬ್ರರಿಗಳಲ್ಲಿ ಅತಿ ಹೆಚ್ಚು ಆಕ್ಷೇಪ ಎದುರಿಸಿದ ಪುಸ್ತಕ.

ಬೇರೆ ದೇಶಗಳಲ್ಲಿ?

ಫ್ರಾನ್ಸಿನ ಅಂಗುಲೆಮ್ ಕಾಮಿಕ್ಸ್ ಉತ್ಸವ 2016ರಲ್ಲಿ ಜೀವಮಾನ ಗೌರವಕ್ಕೆ 30 ಹೆಸರು ಪ್ರಕಟಿಸಿತು. ಒಬ್ಬ ಹೆಂಗಸೂ ಇರಲಿಲ್ಲ. ಪಟ್ಟಿಯಲ್ಲಿದ್ದ ಗಂಡಸರೇ ಹಲವರು ತಮ್ಮ ಹೆಸರು ವಾಪಸ್ ತೆಗೆದುಕೊಂಡರು. 2019ರಲ್ಲಿ ಜಪಾನಿನ ರುಮಿಕೊ ತಕಹಾಶಿಗೆ ಆ ಗೌರವ ಸಿಕ್ಕಿತು. ಜಪಾನಿನಲ್ಲಿ ಹೆಂಗಸರು ಬರೆದು ಕೋಟಿಗಟ್ಟಲೆ ಮಾರುವುದು ದಶಕಗಳಿಂದ ಮಾಮೂಲು.

ನಮ್ಮ ಕಡೆಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಇದೆ. 1967ರಲ್ಲಿ ಶುರುವಾದ ಅಮರ ಚಿತ್ರ ಕಥೆಯ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅವರ ಕೆಲಸದ ಮೇಲೆ ನನಗೆ ಪ್ರೀತಿ ಇದೆ. ಆದರೂ ಆ ಪುಟಗಳಲ್ಲಿ ನಾಯಕರು ಬೆಳ್ಳಗೆ, ರಾಕ್ಷಸರು ಕಪ್ಪಗೆ ಇರುವುದು ಎಷ್ಟು ಸಲ ಮರುಕಳಿಸುತ್ತದೆ ಎಂದು ವಿಮರ್ಶಕರು ತೋರಿಸಿದ ಮೇಲೆ, ಅದನ್ನು ಕಾಣದಂತೆ ಓದುವುದು ಆಗಲ್ಲ.

ಇದಕ್ಕೆ ನನ್ನ ಕಣ್ಣಿಗೆ ಕಂಡ ಒಳ್ಳೆಯ ಉತ್ತರ 2011ರ 'ಭೀಮಾಯಣ', ಅಂಬೇಡ್ಕರ್ ಅವರ ಜೀವನ. ಚಿತ್ರಿಸಿದವರು ಪರ್ಧಾನ್ ಗೊಂಡ್ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಅಮೆರಿಕದ ಥರ ಚೌಕಗಳೇ ಬೇಡ ಎಂದರು. ಮೃದು ಮಾತಿನವರ ಮಾತು ಹಕ್ಕಿಯ ಆಕಾರದಲ್ಲಿದೆ. ಜಾತಿಯ ವಿಷ ಕಾರುವವರ ಮಾತಿಗೆ ಚೇಳಿನ ಕೊಂಡಿ ಇದೆ. ಬೇರೆ ಕೈ ಬಂದಾಗ ಕಾಮಿಕ್ಸ್‌ನ ವ್ಯಾಕರಣವೇ ಬದಲಾಗುತ್ತದೆ.

ಎಲ್ಲಿಂದ ಓದಲಿ?

ಮಕ್ಕಳಿಗಾದರೆ 'ನ್ಯೂ ಕಿಡ್'. ಹೈಸ್ಕೂಲ್ ಮಕ್ಕಳಿಗೆ 'ಮಿಸ್ ಮಾರ್ವೆಲ್' ಮೊದಲ ಸಂಪುಟ, ಜೊತೆಗೆ ಜೀನ್ ಲುಯೆನ್ ಯಾಂಗ್ ಅವರ 'ಅಮೆರಿಕನ್ ಬಾರ್ನ್ ಚೈನೀಸ್'. ದೊಡ್ಡವರಿಗೆ 'ಮಾರ್ಚ್' ಮೂರು ಸಂಪುಟ. ನಾಗರಿಕ ಹಕ್ಕುಗಳ ಹೋರಾಟದಲ್ಲಿ ಏಟು ತಿಂದ ಜಾನ್ ಲೂಯಿಸ್ ಅವರೇ ಹೇಳಿದ ಕಥೆ, ಮೂರನೇ ಸಂಪುಟಕ್ಕೆ 2016ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಸೂಪರ್‌ಹೀರೋ ಬೇಕೇ ಬೇಕು ಅಂದರೆ 'ಐಕಾನ್' ಹುಡುಕಿ. ಓದುವಾಗ ಮೊದಲ ಪುಟದಲ್ಲಿ ಸಣ್ಣಕ್ಷರದಲ್ಲಿರುವ ಹೆಸರುಗಳನ್ನೂ ಓದಿ: ಇಂಕ್ ಹಾಕಿದವರು, ಅಕ್ಷರ ಬರೆದವರು, ಬಣ್ಣ ಹಚ್ಚಿದವರು.